ಐರೋಲಿ ದಾಟಿ ಬಂದದ್ದು ಕಪಾಟಿನ ಹಿಂದೆ ನಿಂತಿತು

ಬೆಳಗ್ಗೆ ಹತ್ತು ಐವತ್ತೈದು. ಡೊಂಬಿವಲಿ ಪೂರ್ವದಲ್ಲಿ ನಮ್ಮ ಕಟ್ಟಡದ ಎರಡನೇ ಮಾಳಿಗೆ. ಬ್ಯಾಂಕಿನಿಂದ ನಿವೃತ್ತರಾದ ನೆರೆಮನೆಯ ಹಿರಿಯರು ಒಳಕೋಣೆಯ ಕಂಪ್ಯೂಟರಿನ ಮುಂದೆ ಕನ್ನಡಕವನ್ನು ಮೂಗಿನ ತುದಿಗಿಳಿಸಿ ಕೂತಿದ್ದರು. ಊರಿನಲ್ಲಿ ಮನೆದೈವದ ನೇಮ. ಮತ್ಸ್ಯಗಂಧದಲ್ಲಿ ಥಾಣೆಯಿಂದ ಎರಡು ಸ್ಲೀಪರ್ ಸೀಟು ಬೇಕು. ಸ್ಲೀಪರಿನ ತತ್ಕಾಲ್ ತೆರೆಯುವುದು ಹನ್ನೊಂದಕ್ಕೆ. ಹೆಸರು, ವಯಸ್ಸು, ಆಧಾರ್ ಎಲ್ಲ ಸಿದ್ಧ. ಹನ್ನೊಂದು ಹೊಡೆಯಿತು. ಪರದೆಯ ನಡುವೆ ಚಕ್ರ ತಿರುಗತೊಡಗಿತು, ತಿರುಗುತ್ತಲೇ ಇತ್ತು. ಪುಟ ತೆರೆದುಕೊಂಡಾಗ ಗಂಟೆ ಹನ್ನೊಂದು ಏಳು. ಉಳಿದದ್ದು ವೇಟಿಂಗ್ ಲಿಸ್ಟ್ ಮಾತ್ರ.

“ಎಂಥ ಮಾರಾಯ ಇದು? ಹೋದ ತಿಂಗಳಷ್ಟೇ ನೂರರ ಪ್ಲಾನ್ ಬಿಟ್ಟು ಇನ್ನೂರರದ್ದು ಹಾಕಿಸಿದೆ. ದುಡ್ಡು ಹೆಚ್ಚಾಯಿತು, ಸ್ಪೀಡ್ ಎಲ್ಲಿ ಹೋಯಿತು?”

“ತತ್ಕಾಲ್ ಹೊತ್ತಿನಲ್ಲಿ ಇಡೀ ದೇಶವೇ ಒಂದೇ ಬಾಗಿಲಿಗೆ ನುಗ್ಗುತ್ತದೆ ಮಾಮ. ಅದಕ್ಕೆ ನಿಮ್ಮ ನೆಟ್ ಏನು ಮಾಡೀತು?” ಎಂದೆ.

“ಹಾಗಾದರೆ ಮಧ್ಯಾಹ್ನ ಊರಿನ ಪೇಪರ್ ಓದಲು ಕೂತರೂ ಹೀಗೇ ಆಗುವುದು ಯಾಕೆ? ಅಲ್ಲೂ ತತ್ಕಾಲ್ ಉಂಟಾ?”

ಪ್ರಶ್ನೆ ಸರಿಯಾಗಿತ್ತು. ಎಲ್ಲ ಹೊತ್ತಿನಲ್ಲೂ ಎಲ್ಲ ತಾಣಗಳೂ ನಿಧಾನವಾದರೆ ತಪ್ಪು ಆ ತುದಿಯದ್ದಲ್ಲ, ಈ ತುದಿಯದ್ದು. ಈ ತುದಿಯಲ್ಲಾದರೂ ಎಲ್ಲಿ? ನೆಟ್‌ವಾಲಾನಿಗೆ ಫೋನು ಮಾಡಿದರೆ “ರೀಸ್ಟಾರ್ಟ್ ಕರ್ಕೇ ದೇಖೋ ಅಂಕಲ್” ಎನ್ನುತ್ತಾನೆ. ಅಂಗಡಿಯವನನ್ನು ಕೇಳಿದರೆ ಹೊಸ ಕಂಪ್ಯೂಟರ್ ತೋರಿಸುತ್ತಾನೆ. ಕಸ್ಟಮರ್ ಕೇರ್‌ನವರು ಇನ್ನೂ ದೊಡ್ಡ ಪ್ಲಾನ್ ಹೇಳುತ್ತಾರೆ. ರೋಗ ಯಾವ ಅಂಗದ್ದು ಎಂದು ನೋಡುವ ಮೊದಲೇ ಮೂವರೂ ಮದ್ದು ಬರೆದುಕೊಟ್ಟಿರುತ್ತಾರೆ.

ಡಬ್ಬಿ ಹೆಚ್ಚಾದರೆ ರೈಲು ಬೇಗ ಬರುವುದಿಲ್ಲ

1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರದಿಂದ ಹೊರಟು ಬಂದು ನಿಂತದ್ದು ಥಾಣೆಯಲ್ಲಿ. ಅಂದಿನಿಂದ ಈ ಕಡೆಯವರು ದೂರವನ್ನೂ ಹೊತ್ತನ್ನೂ ಲೋಕಲ್‌ನಲ್ಲೇ ಅಳೆಯುತ್ತ ಬಂದವರು. ಹಾಗಾಗಿ ಮಾಮನಿಗೆ ಇಂಟರ್ನೆಟ್ಟನ್ನೂ ಲೋಕಲ್‌ನಲ್ಲೇ ವಿವರಿಸಿದೆ.

ಪ್ಲಾನಿನ ಎಂಬಿಪಿಎಸ್ ಎಂದರೆ ಡಬ್ಬಿಗಳ ಲೆಕ್ಕ. 12 ಡಬ್ಬಿಯ ಬದಲು 15 ಡಬ್ಬಿಯ ಗಾಡಿ ಬಂದರೆ ಹೆಚ್ಚು ಜನ ಹತ್ತಬಹುದು. ಆದರೆ ಗಾಡಿ ಕಲ್ಯಾಣಕ್ಕೆ ಬೇಗ ತಲುಪುವುದಿಲ್ಲ. ತಲುಪಲು ತಗಲುವ ಹೊತ್ತು ಬೇರೆ ಲೆಕ್ಕ. ಅದಕ್ಕೆ ಲೇಟೆನ್ಸಿ ಎಂದು ಹೆಸರು, ಮಿಲಿಸೆಕೆಂಡಿನಲ್ಲಿ ಅಳೆಯುತ್ತಾರೆ. ಸಿನಿಮಾ ಇಳಿಸಿಕೊಳ್ಳಲು ಡಬ್ಬಿಗಳು ಬೇಕು. ಜಾಲಪುಟ ತೆರೆಯಲು ಅದಕ್ಕಿಂತ ಹೆಚ್ಚಾಗಿ ಬೇಕಾದ್ದು ಬೇಗ ಹೋಗಿ ಬೇಗ ಬರುವುದು. ಏಕೆಂದರೆ ಪುಟವೆಂಬುದು ಒಂದೇ ಗಂಟಾಗಿ ಬರುವುದಿಲ್ಲ. ಬರಹ ಒಂದು ಕಡೆಯಿಂದ, ಚಿತ್ರ ಇನ್ನೊಂದು ಕಡೆಯಿಂದ, ಅಕ್ಷರವಿನ್ಯಾಸ ಮತ್ತೊಂದು ಕಡೆಯಿಂದ, ಜಾಹೀರಾತು ಹತ್ತು ಕಡೆಯಿಂದ ಬರಬೇಕು. ನಿಮ್ಮ ಬ್ರೌಸರ್ ಹತ್ತಾರು ಸಲ ಹೋಗಿ, ಕೇಳಿ, ತರಬೇಕು. ಒಂದೊಂದು ಸಲಕ್ಕೂ ಅರ್ಧ ಸೆಕೆಂಡು ತಡವಾದರೆ ಡಬ್ಬಿ ಎಷ್ಟಿದ್ದೂ ಪ್ರಯೋಜನವಿಲ್ಲ.

“ಹಾಗಾದರೆ ರಾತ್ರಿ ಯೂಟ್ಯೂಬಿನಲ್ಲಿ ಯಕ್ಷಗಾನ ನಿಲ್ಲದೆ ಓಡುತ್ತದಲ್ಲ?” ಮಾಮ ಬಿಡಲಿಲ್ಲ. ಅದರ ಗುಟ್ಟು ಇಷ್ಟೇ: ವಿಡಿಯೊ ಮುಂದಿನ ಹಲವು ಸೆಕೆಂಡುಗಳ ಆಟವನ್ನು ಮೊದಲೇ ತಂದು ಇಟ್ಟುಕೊಂಡಿರುತ್ತದೆ. ನಡುವೆ ಲೈನು ಎರಡು ಸೆಕೆಂಡು ತಡವರಿಸಿದರೂ ಭಾಗವತರ ಪದ ತುಂಡಾಗುವುದಿಲ್ಲ. ಪುಟಕ್ಕೆ ಆ ಕೂಡಿಟ್ಟ ಗಂಟಿಲ್ಲ. ನೀವು ಒತ್ತಿದ ಮೇಲೆಯೇ ಅದು ಹೊರಡಬೇಕು. ವಿಡಿಯೊ ಚೆನ್ನಾಗಿ ಓಡಿ ಪುಟ ಮಾತ್ರ ತಡವಾದರೆ ಡಬ್ಬಿ ಸಾಲದು ಎಂದಲ್ಲ, ದಾರಿಯಲ್ಲಿ ಎಲ್ಲೋ ಗಾಡಿ ನಿಂತಿದೆ ಎಂದರ್ಥ.

ಮೂರು ಪಿಂಗ್

ಗಾಡಿ ಎಲ್ಲಿ ನಿಂತಿದೆ ಎಂದು ನೋಡಲು ಕಾಸು ಖರ್ಚಿಲ್ಲದ ಒಂದು ಉಪಾಯ ಪ್ರತಿ ಕಂಪ್ಯೂಟರಿನಲ್ಲೂ ಇದೆ. ಅದರ ಹೆಸರು ಪಿಂಗ್. 1983ರ ಡಿಸೆಂಬರಿನಲ್ಲಿ ಅಮೆರಿಕದ ಮೈಕ್ ಮ್ಯೂಸ್ ಬರೆದ ಪುಟ್ಟ ಪ್ರೋಗ್ರಾಂ. ಬಾವಿಗೆ ಕಲ್ಲು ಹಾಕಿ ಸದ್ದು ಬರುವವರೆಗೆ ಎಣಿಸಿದ ಹಾಗೆ, ಅದು ಒಂದು ಸಣ್ಣ ಕರೆ ಕಳುಹಿಸಿ ಮರುದನಿ ಬರಲು ಎಷ್ಟು ಹೊತ್ತಾಯಿತೆಂದು ಹೇಳುತ್ತದೆ.

ವಿಂಡೋಸ್ ಕೀ ಜೊತೆ ‘ಆರ್’ ಒತ್ತಿ, ‘ಸಿಎಮ್‌ಡಿ’ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು ಎಂಟರ್ ಒತ್ತಿದರೆ ಕಪ್ಪು ಕಿಟಕಿ ತೆರೆಯುತ್ತದೆ. ಅಲ್ಲಿ ಪಿಂಗ್ ಎಂದು ಬರೆದು ಮೊದಲು ಮನೆಯ ರೂಟರಿನ ಸಂಖ್ಯೆ ಕೊಡಬೇಕು. ಹೆಚ್ಚಾಗಿ ಅದು 192.168.1.1 ಅಥವಾ 192.168.0.1, ರೂಟರಿನ ಬೆನ್ನಿನ ಚೀಟಿಯಲ್ಲಿ ಬರೆದಿರುತ್ತದೆ. ಕೊನೆಯಲ್ಲಿ ಜಾಗ ಬಿಟ್ಟು ಒಂದು ಅಡ್ಡಗೆರೆ ಮತ್ತು ‘ಟಿ’ ಸೇರಿಸಿದರೆ ಅದು ಎಡೆಬಿಡದೆ ಕರೆಯುತ್ತಿರುತ್ತದೆ. ನಿಲ್ಲಿಸಲು ಕಂಟ್ರೋಲ್ ಹಿಡಿದು ‘ಸಿ’. ಎರಡನೆಯ ಪಿಂಗ್ ಹೊರಗಿನ ಲೋಕಕ್ಕೆ: 8.8.8.8. ಮೂರನೆಯದು ನಿಮಗೆ ಬೇಕಾದ ತಾಣದ ಹೆಸರಿಗೆ.

ಮಾಮನ ಕಪ್ಪು ಕಿಟಕಿಯಲ್ಲಿ ಮೊದಲ ಪಿಂಗಿನಲ್ಲೇ ಬಂಡವಾಳ ಬಯಲಾಯಿತು. ಅದೇ ಮನೆಯ ರೂಟರಿನಿಂದ ಮರುದನಿ ಬರಲು 4 ಮಿಲಿಸೆಕೆಂಡು, ಮರುಕ್ಷಣ 180, ಆಮೇಲೆ 640, ಆಮೇಲೆ ‘ರಿಕ್ವೆಸ್ಟ್ ಟೈಮ್ಡ್ ಔಟ್’. ಇಪ್ಪತ್ತು ಅಡಿ ದೂರದ ಪೆಟ್ಟಿಗೆ ಓಗೊಡುತ್ತಿಲ್ಲ! ನನ್ನ ಲ್ಯಾಪ್‌ಟಾಪ್ ತಂದು ಅದೇ ರೂಟರಿಗೆ ತಂತಿಯಿಂದ ಜೋಡಿಸಿದೆ. 1, 1, 1, 1. ಹೊರಗಿನ 8.8.8.8 ಕೂಡ ಹತ್ತರೊಳಗೆ. ಸ್ಪೀಡ್ ಟೆಸ್ಟ್ ಇನ್ನೂರರ ಹತ್ತಿರ ತೋರಿಸಿತು. ನೆಟ್‌ವಾಲಾ ಕೊಟ್ಟ ಮಾತು ಉಳಿಸಿಕೊಂಡಿದ್ದ.

ಎದ್ದು ಮನೆಯನ್ನು ನೋಡಿದೆವು. ರೂಟರ್ ಇದ್ದದ್ದು ಮುಂಬಾಗಿಲ ಮೇಲೆ, ತಂತಿ ಒಳಗೆ ಬರುವಲ್ಲೇ ಮೊಳೆ ಹೊಡೆದು ಕೂರಿಸಿದ್ದರು. ಕಂಪ್ಯೂಟರ್ ಒಳಕೋಣೆಯಲ್ಲಿ. ನಡುವೆ ಒಂದು ಗೋಡೆ. ಗೋಡೆಗೆ ಬೆನ್ನು ಕೊಟ್ಟು ನಿಂತಿತ್ತು, ಮಾಮನ ಮದುವೆಯ ಕಾಲದ ಕಬ್ಬಿಣದ ಕಪಾಟು, ಬಾಗಿಲಿಗೆ ಆಳೆತ್ತರದ ಕನ್ನಡಿ. ವೈ-ಫೈ ರೇಡಿಯೊ ಅಲೆ. ಲೋಹದ ಹಾಳೆಯನ್ನು ಅದು ದಾಟದು, ಬಡಿದು ಹಿಂದಿರುಗುತ್ತದೆ. ಕನ್ನಡಿಯ ಹಿಂದಿನ ಲೇಪವೂ ಹಾಗೆಯೇ.

ಸ್ಟೇಷನ್ನಿನಿಂದ ಮನೆಗೆ

ನವಿಮುಂಬಯಿಯ ಐರೋಲಿ, ರಬಾಳೆ, ಮಹಾಪೆಯ ಕಡೆ ಹೋದವರು ಕಿಟಕಿಗಳಿಲ್ಲದ ದೊಡ್ಡ ದೊಡ್ಡ ಕಟ್ಟಡಗಳನ್ನು ನೋಡಿರುತ್ತೀರಿ. ಅವು ಡೇಟಾ ಸೆಂಟರ್‌ಗಳು. ಪನವೇಲಿನ ಬಳಿ ಇಂಥದೊಂದು ದೈತ್ಯ 2020ರಲ್ಲಿ ತೆರೆಯಿತು. ದೇಶದ ಡೇಟಾ ಸೆಂಟರ್‌ಗಳ ದೊಡ್ಡ ಪಾಲು ಮುಂಬಯಿ-ನವಿಮುಂಬಯಿಯಲ್ಲೇ ಇದೆ. ಸಮುದ್ರದಡಿಯ ಕೇಬಲ್‌ಗಳು ದಡ ಸೇರುವ ಮುಖ್ಯ ತಾಣವೂ ಮುಂಬಯಿಯ ವರ್ಸೋವಾ. ಜನಪ್ರಿಯ ತಾಣಗಳ ಪ್ರತಿಗಳನ್ನು ಅಮೆರಿಕದಿಂದ ಪ್ರತಿ ಸಲ ತರುವುದಿಲ್ಲ, ಇಲ್ಲೇ ಹತ್ತಿರ ಕೂಡಿಟ್ಟಿರುತ್ತಾರೆ. ಫೈಬರಿನೊಳಗೆ ಬೆಳಕು ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 200 ಕಿಲೋಮೀಟರ್ ಓಡುತ್ತದೆ. ಮಹಾಪೆಯಿಂದ ಶಿಳ್ ಫಾಟಾ ದಾಟಿ ಡೊಂಬಿವಲಿಗೆ ಬರಲು ಅದಕ್ಕೆ ಕಣ್ಣು ಮಿಟುಕಿಸುವಷ್ಟೂ ಹೊತ್ತು ಬೇಡ. ನಮ್ಮ ಬಸ್ಸಿಗೆ ಆ ಭಾಗ್ಯವಿಲ್ಲ, ಬಿಡಿ.

ಸಿಎಸ್‌ಎಂಟಿಯಿಂದ ಫಾಸ್ಟ್ ಲೋಕಲ್ ಹಿಡಿದು ಒಂದು ಗಂಟೆ ಚಿಲ್ಲರೆಯಲ್ಲಿ ಡೊಂಬಿವಲಿಗೆ ಇಳಿದವನು, ಮಳೆಯಲ್ಲಿ ಶೇರ್ ರಿಕ್ಷಾದ ಸಾಲಿನಲ್ಲಿ ಅರ್ಧ ಗಂಟೆ ನಿಲ್ಲುವುದನ್ನು ನಾವು ದಿನಾ ನೋಡುತ್ತೇವೆ. ಮನೆಯ ಇಂಟರ್ನೆಟ್ಟಿನದೂ ಅದೇ ಪಾಡು. ನಾನು ನೋಡಿದ ಮನೆಗಳಲ್ಲಿ ತಡವಾಗುತ್ತಿದ್ದುದು ಹೆಚ್ಚಾಗಿ ಕೊನೆಯ ಇಪ್ಪತ್ತು ಅಡಿಯಲ್ಲೇ.

ಅದರಲ್ಲೂ ಊರಿಗೊಂದು ಬಗೆ. ಥಾಣೆಯ ಘೋಡ್‌ಬಂದರ್ ರಸ್ತೆಯ ಎತ್ತರದ ಟವರುಗಳಲ್ಲಿ ಫೋನಿನ ವೈ-ಫೈ ಪಟ್ಟಿ ತೆರೆದರೆ ಇಪ್ಪತ್ತು-ಮೂವತ್ತು ಮನೆಗಳ ಹೆಸರು ಕಾಣುತ್ತವೆ. ವೈ-ಫೈ ಅಲೆ ಓಡುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದಕ್ಕೊಂದು ಮೈ ತಾಗದೆ ಮಾತಾಡಬಲ್ಲ ಚಾನೆಲ್ ಮೂರೇ: 1, 6, 11. ಮೂರು ಕಟ್ಟೆಗಳ ಮೇಲೆ ಮೂವತ್ತು ಮನೆಯವರು ಹರಟೆಗೆ ಕೂತರೆ ಯಾರ ಮಾತು ಯಾರಿಗೆ ಕೇಳೀತು? ಮೈಕ್ರೋವೇವ್ ಒಲೆಯೂ ಅದೇ ಪಟ್ಟಿಯಲ್ಲಿ ಕೆಲಸ ಮಾಡುತ್ತದೆ. ಅದು ಓಡುತ್ತಿರುವಾಗ ಪಕ್ಕದ ಲ್ಯಾಪ್‌ಟಾಪ್ ತಡವರಿಸುವುದುಂಟು. 2.4ರ ಪಟ್ಟಿಯನ್ನು ಸರಕಾರ ಲೈಸೆನ್ಸಿನಿಂದ ಮುಕ್ತಗೊಳಿಸಿದ್ದು 2005ರಲ್ಲಿ. 5 ಗಿಗಾಹರ್ಟ್ಸ್‌ನಲ್ಲಿ ವಿಶಾಲ ಜಾಗ ಬಿಟ್ಟುಕೊಟ್ಟದ್ದು 2018ರಲ್ಲಿ. ನಿಮ್ಮ ರೂಟರ್ ಎರಡೂ ಹೆಸರು ತೋರಿಸುತ್ತಿದ್ದರೆ ‘5ಜಿ’ ಎಂಬ ಬಾಲವಿರುವುದಕ್ಕೆ ಜೋಡಿಸಿ. ಮೊಬೈಲಿನ 5ಜಿಗೂ ಇದಕ್ಕೂ ಸಂಬಂಧವಿಲ್ಲ. ವೈ-ಫೈಯ ಈ ಪಟ್ಟಿ ವೇಗವಾದದ್ದು, ಗದ್ದಲ ಕಡಿಮೆ. ಆದರೆ ಗೋಡೆ ಕಂಡರೆ ಬೇಗ ಸೋಲುತ್ತದೆ. ಆದ್ದರಿಂದ ರೂಟರ್ ಮನೆಯ ನಡುವೆ, ತೆರೆದ ಜಾಗದಲ್ಲಿ, ಎದೆಯೆತ್ತರದಲ್ಲಿ ಇರಲಿ. ಟಿವಿಯ ಹಿಂದೆ, ಚಪ್ಪಲಿ ಗೂಡಿನೊಳಗೆ ಬೇಡ.

ಕಲ್ಯಾಣದ ಖಡಕ್‌ಪಾಡಾದ ಒಂದು ಮನೆಯಲ್ಲಿ ಕಂಡದ್ದು ಬೇರೆ. ಮುನ್ನೂರರ ಪ್ಲಾನ್, ತಂತಿಯಿಂದಲೇ ಜೋಡಣೆ, ಆದರೂ ಟೆಸ್ಟ್ 94ರ ಮೇಲೆ ಏರುವುದಿಲ್ಲ. ಲ್ಯಾನ್ ತಂತಿಯೊಳಗೆ ಎಂಟು ಎಳೆ, ನಾಲ್ಕು ಜೋಡಿ. ತಂತಿ ಹಾಕಿದ ಹುಡುಗ ಕ್ಲಿಪ್ಪಿಗೆ ನಾಲ್ಕೇ ಎಳೆ ಕೂರಿಸಿದ್ದ. ನಾಲ್ಕು ಎಳೆಗೆ ನೂರೇ ಮಿತಿ. ಹೊಸ ಕ್ಲಿಪ್ ಹಾಕಿ ಎಂಟೂ ಎಳೆ ಕೂರಿಸಿದ ಮೇಲೆ ಉಳಿದ ಇನ್ನೂರು ಬಂತು. ಹಳೆಯ ರೂಟರುಗಳ ತೂತುಗಳಿಗೂ ಎಷ್ಟೋ ಸಲ ನೂರೇ ಮಿತಿ. ಅಂಥದ್ದಕ್ಕೆ ಮುನ್ನೂರರ ಪ್ಲಾನ್ ಹಾಕಿಸುವುದು ಅರ್ಧ ಇಂಚಿನ ನಲ್ಲಿಗೆ ದೊಡ್ಡ ಟಾಂಕಿ ಕಟ್ಟಿಸಿದ ಹಾಗೆ.

ಹೊರಗಿನ ತಂತಿ

ರೂಟರಿನ ಪಿಂಗ್ ಚೆನ್ನಾಗಿದ್ದು 8.8.8.8 ಮಾತ್ರ ಏರಿಳಿದರೆ ಆಗ ನೆಟ್‌ವಾಲಾನನ್ನು ಕರೆಯಬೇಕು. ಡೊಂಬಿವಲಿ-ಕಲ್ಯಾಣದ ಹಳೆಯ ನಾಲ್ಕು ಮಾಳಿಗೆಯ ಕಟ್ಟಡಗಳಲ್ಲಿ ತಂತಿ ಟೆರೇಸಿನಿಂದ ಟೆರೇಸಿಗೆ ನೇತಾಡಿಕೊಂಡು ಬಂದು, ಮೆಟ್ಟಿಲ ಬಳಿಯ ಪೆಟ್ಟಿಗೆಯಿಂದ ಕವಲೊಡೆದು ಮನೆ ಸೇರುತ್ತದೆ. ಮಳೆಗಾಲದಲ್ಲಿ ಜೋಡಣೆಗೆ ನೀರಿಳಿಯುತ್ತದೆ. ಫೈಬರನ್ನು ಬಾಗಿಲ ಸಂದಿನಲ್ಲಿ ಬಿಗಿಯಾಗಿ ಮಡಚಿದರೆ ಬೆಳಕು ಸೋರುತ್ತದೆ. ಮನೆಯೊಳಗಿನ ಫೈಬರ್ ಪೆಟ್ಟಿಗೆಯಲ್ಲಿ ‘ಲಾಸ್’ ಎಂಬ ಕೆಂಪು ದೀಪ ಉರಿದರೆ ಬೆಳಕು ಬರುತ್ತಲೇ ಇಲ್ಲ ಎಂದು ತಿಳಿಯಿರಿ. ಎಷ್ಟು ರೀಸ್ಟಾರ್ಟ್ ಮಾಡಿದರೂ ಉಪಯೋಗವಿಲ್ಲ. ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಮಾತ್ರ ನಿಧಾನವಾದರೆ ಅದು ಹಂಚಿಕೆಯ ಸಮಸ್ಯೆ: ಒಂದೇ ಫೈಬರನ್ನು ಮೂವತ್ತೆರಡೋ ಅರವತ್ತನಾಲ್ಕೋ ಮನೆಗಳಿಗೆ ಕವಲು ಮಾಡಿರುತ್ತಾರೆ, ಎಲ್ಲರೂ ಒಟ್ಟಿಗೆ ಕೂತರೆ ಪಾಲು ಸಣ್ಣದಾಗುತ್ತದೆ.

ಇನ್ನೊಬ್ಬ ಕಳ್ಳ ಮನೆಯೊಳಗೇ ಇರುತ್ತಾನೆ. ಮದುವೆಗೆ ಹೋಗಿ ಬಂದ ಸಂಜೆ ನಾಲ್ಕೂ ಫೋನುಗಳು ಫೋಟೊಗಳನ್ನು ಕ್ಲೌಡಿಗೆ ಏರಿಸತೊಡಗುತ್ತವೆ. ಏರುವ ದಾರಿ ತುಂಬಿದರೆ ‘ಪುಟ ಕಳಿಸು’ ಎಂಬ ನಿಮ್ಮ ಪುಟ್ಟ ಕರೆಯೂ ಆ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಫೋಟೊ ಬ್ಯಾಕಪ್ಪನ್ನು ರಾತ್ರಿಗೆ ಬಿಡಿ.

ವಿದೇಶದ ತಾಣಗಳು ಮಾತ್ರ ನಿಧಾನವಾಗಿ ಇಲ್ಲಿನವು ಸರಿಯಾಗಿದ್ದರೆ ತಪ್ಪು ನಿಮ್ಮದೂ ಅಲ್ಲ, ನೆಟ್‌ವಾಲಾನದೂ ಅಲ್ಲ. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಳಿ ಸಮುದ್ರದಡಿಯ ಕೇಬಲ್‌ಗಳು ತುಂಡಾಗಿ ಇಡೀ ಭಾರತದ ಇಂಟರ್ನೆಟ್ ಕುಂಟಿತ್ತು. ಅಂಥ ದಿನ ಚಹಾ ಕುಡಿದು ಕೂರುವುದೇ ಪರಿಹಾರ.

ಭಾರವಾದದ್ದು ಪುಟ, ಮುದಿಯಾದದ್ದು ಯಂತ್ರ

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದಾಗ ಫೋನಿನ ತಂತಿಯೇ ದಾರಿ. ಫೋನಿನ ಸಂಕೇತ ಥಾಣೆ, ನವಿಮುಂಬಯಿಯದು 022, ಎಂಟಿಎನ್‌ಎಲ್. ಡೊಂಬಿವಲಿ-ಕಲ್ಯಾಣದ್ದು 0251, ಮುಂದೆ ಬಿಎಸ್‌ಎನ್‌ಎಲ್ ಆದ ದೂರಸಂಪರ್ಕ ಇಲಾಖೆ. ಮೋಡೆಮ್ ಕಿರುಚಿ ಜೋಡಣೆಯಾಗುತ್ತಿತ್ತು. ಆ ಪೈಕಿ ಅತಿ ವೇಗದ್ದು 56 ಕೆಬಿಪಿಎಸ್. 2004ರ ನೀತಿಯಲ್ಲಿ 256 ಕೆಬಿಪಿಎಸ್ ಇದ್ದರೆ ಅದು ಬ್ರಾಡ್‌ಬ್ಯಾಂಡ್. 2023ರಲ್ಲಿ ಆ ಗೆರೆ 2 ಎಂಬಿಪಿಎಸ್‌ಗೆ ಏರಿತು. ಇಂದಿನ ಸಾಧಾರಣ ಜಾಲಪುಟವೊಂದು ಎರಡೂವರೆ ಎಂಬಿ ತೂಗುತ್ತದೆ. ಅಂದಿನ ಮೋಡೆಮ್‌ನಲ್ಲಿ ಅದನ್ನು ತರಲು ಆರು ನಿಮಿಷ ಬೇಕಿತ್ತು. ನೂರರ ಪ್ಲಾನಿನಲ್ಲಿ ಸೆಕೆಂಡಿನ ಐದನೇ ಒಂದು ಪಾಲು ಸಾಕು. ಎಂಟು ಬಿಟ್‌ಗೆ ಒಂದು ಬೈಟ್. ಹಾಗಾಗಿ ನೂರು ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಹನ್ನೆರಡೂವರೆ ಎಂಬಿ. ಯುನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟಾದರೆ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟು ಬೇಕು. ಆದರೂ ಕನ್ನಡದ ಪುಟ ನಿಧಾನವಾಗುವುದು ಕನ್ನಡದಿಂದಲ್ಲ. ಇಡೀ ಲೇಖನದ ಅಕ್ಷರಗಳ ತೂಕ ಪಕ್ಕದಲ್ಲಿ ಕುಣಿಯುವ ಒಂದು ಜಾಹೀರಾತಿನ ಚಿತ್ರಕ್ಕೂ ಸಮವಲ್ಲ.

ಪಿಂಗ್ ಎಲ್ಲ ಸರಿಯಿದ್ದೂ ಪುಟ ತೆವಳಿದರೆ ಯಂತ್ರವನ್ನು ನೋಡಬೇಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ತೆರೆಯುವ ಕಿಟಕಿಯಲ್ಲಿ ‘ಡಿಸ್ಕ್’ ಎಂಬ ಕಾಲಂ ಸದಾ ನೂರು ತೋರಿಸಿದರೆ ನಿಮ್ಮದು ತಿರುಗುವ ಹಳೆಯ ಹಾರ್ಡ್‌ಡಿಸ್ಕ್, ಜೊತೆಗೆ ನಾಲ್ಕು ಜಿಬಿ ಮೆಮೊರಿ ಇದ್ದೀತು. ಬ್ರೌಸರಿನ ಹತ್ತು ಟ್ಯಾಬ್‌ಗಳಿಗೆ ಅದು ಸಾಲದೆ, ತುಂಬಿದ ಮನೆಯ ಸಾಮಾನನ್ನು ಹೊರಗಿಟ್ಟು ಒಳಗಿಟ್ಟು ಮಾಡುವ ಹಾಗೆ ಯಂತ್ರ ಡಿಸ್ಕಿಗೆ ಓಡಾಡುತ್ತದೆ. ಹೊಸ ಕಂಪ್ಯೂಟರ್ ಬೇಕಿಲ್ಲ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ, ಮೆಮೊರಿ ಎಂಟು ಜಿಬಿ ಮಾಡಿಸಿದರೆ ಹತ್ತು ವರ್ಷದ ಯಂತ್ರವೂ ಎದ್ದು ನಡೆಯುತ್ತದೆ. ಮುಂಬಯಿಯ ಕಂಪ್ಯೂಟರ್ ಪೇಟೆ ಲ್ಯಾಮಿಂಗ್ಟನ್ ರೋಡಿಗೇ ಹೋಗಬೇಕೆಂದಿಲ್ಲ, ಸ್ಟೇಷನ್ ಹತ್ತಿರದ ರಿಪೇರಿ ಅಂಗಡಿಯಲ್ಲೂ ಈ ಕೆಲಸ ಆಗುತ್ತದೆ. ಆದರೆ ವಿಂಡೋಸ್ 7ರಲ್ಲೇ ಇದ್ದವರಿಗೆ 2023ರಿಂದ ಕ್ರೋಮಿನ ಹೊಸ ಆವೃತ್ತಿ ಬರುತ್ತಿಲ್ಲ. ವಿಂಡೋಸ್ 10ಕ್ಕೂ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬ್ಯಾಂಕಿನ ಕೆಲಸ ಮಾಡುವವರು ಇದನ್ನು ಮರೆಯಬಾರದು.

ಹಳೆಯ ಯಂತ್ರದ ಇನ್ನೊಂದು ತಮಾಷೆಯ ರೋಗ ಗಡಿಯಾರದ್ದು. ಒಳಗಿನ ಸಿಆರ್2032 ಎಂಬ ನಾಣ್ಯದಂಥ ಸೆಲ್ ಸತ್ತರೆ, ಬೆಳಗ್ಗೆ ಸ್ವಿಚ್ ಹಾಕಿದಾಗ ಕಂಪ್ಯೂಟರ್ ಹತ್ತು-ಹದಿನೈದು ವರ್ಷ ಹಿಂದಿನ ತಾರೀಕಿನಲ್ಲಿ ಕಣ್ಣು ಬಿಡುತ್ತದೆ. ತಾಣಗಳ ಭದ್ರತಾ ಪತ್ರ ಆ ತಾರೀಕಿಗೆ ಇನ್ನೂ ಹುಟ್ಟಿರುವುದಿಲ್ಲ. ಬ್ರೌಸರ್ ಯಾವುದನ್ನೂ ನಂಬದೆ ಬಾಗಿಲು ಹಾಕುತ್ತದೆ. ಮನೆಮಂದಿ ನೆಟ್ ಹೋಯಿತೆಂದು ನೆಟ್‌ವಾಲಾನ ಜತೆ ಜಗಳಕ್ಕೆ ನಿಲ್ಲುತ್ತಾರೆ. ತಾರೀಕು ಸರಿಮಾಡಿ, ಸೆಲ್ ಬದಲಿಸಿದರೆ ಮುಗಿಯಿತು.

ಯಂತ್ರವೂ ಸರಿ ಎಂದಾದರೆ ಬ್ರೌಸರ್ ಉಳಿಯಿತು. ಇನ್‌ಕಾಗ್ನಿಟೊ ಕಿಟಕಿ ತೆರೆದು ಅದೇ ಪುಟ ನೋಡಿ. ಅಲ್ಲಿ ಬೇಗ ತೆರೆದರೆ ಕಳ್ಳ ಎಕ್ಸ್‌ಟೆನ್ಷನ್‌ಗಳ ನಡುವೆ ಇದ್ದಾನೆ, ಏಕೆಂದರೆ ಆ ಕಿಟಕಿಗೆ ಅವನ್ನು ಸಾಮಾನ್ಯವಾಗಿ ಬಿಟ್ಟುಕೊಳ್ಳುವುದಿಲ್ಲ. ಬಂದ ಪ್ರಶ್ನೆಗೆಲ್ಲ ‘ಅಲೋ’ ಒತ್ತಿ ಕೂಡಿಹಾಕಿದ ನೋಟಿಫಿಕೇಶನ್‌ಗಳನ್ನೂ ಸೆಟ್ಟಿಂಗಿಗೆ ಹೋಗಿ ಕಿತ್ತುಹಾಕಿ. ಬ್ರೌಸರ್ ಕೂಡಿಟ್ಟುಕೊಂಡ ಕ್ಯಾಶ್ ದಿನಾ ಅಳಿಸುವ ಅಭ್ಯಾಸ ಬೇಡ. ಅದು ನಾಳೆಗೆಂದು ತೆಗೆದಿಟ್ಟ ಹಿಟ್ಟನ್ನು ಚೆಲ್ಲಿ ಮತ್ತೆ ರುಬ್ಬಲು ಕೂತ ಹಾಗೆ. ಪ್ರತಿ ಹೊಸ ತಾಣ ತೆರೆಯುವಾಗ ಮೊದಲ ಕ್ಷಣ ತಡೆದು, ಆಮೇಲೆ ಸರಾಗವಾದರೆ ಹೆಸರಿನಿಂದ ಸಂಖ್ಯೆ ಹುಡುಕುವ ಡಿಎನ್‌ಎಸ್ ನಿಧಾನ ಎಂದರ್ಥ. ರೂಟರಿನ ಸೆಟ್ಟಿಂಗಿನಲ್ಲಿ 8.8.8.8 ಅಥವಾ 1.1.1.1 ಹಾಕಿ ನೋಡಿ. ವೈರಸ್ಸಿನ ಗುಮಾನಿ ಇದ್ದರೆ ಕೇಂದ್ರ ಸರಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಉಚಿತ ಉಪಕರಣ ಕೊಡುತ್ತಿದೆ.

ಒಂದು ಎಚ್ಚರಿಕೆ. “ನಿಮ್ಮ ಕಂಪ್ಯೂಟರ್ ಸ್ಲೋ ಆಗಿದೆ, ನಾವು ಸರಿಮಾಡುತ್ತೇವೆ” ಎಂದು ಫೋನು ಬಂದರೆ, ದೂರದಿಂದ ಯಂತ್ರ ನೋಡುವ ಆ್ಯಪ್ ಹಾಕಿಸಲು ಹೇಳಿದರೆ, ಕೂಡಲೇ ಇಟ್ಟುಬಿಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ನೆಟ್ ಕಂಪನಿಗೆ ದೂರು ಕೊಡುವಾಗ “ಸ್ಲೋ ಇದೆ” ಎಂದಷ್ಟೇ ಹೇಳಬೇಡಿ. ತಂತಿಯಿಂದ ಜೋಡಿಸಿ ಮಾಡಿದ ಟೆಸ್ಟು, ಪಿಂಗಿನ ಅಂಕಿ, ದಿನ, ಗಂಟೆ ಬರೆದು ಕೊಡಿ. ದೂರಿನ ನಂಬರ್ ಕೇಳಿ ಪಡೆಯಿರಿ. ಕೆಲಸವಾಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಅಧಿಕಾರಿಗೆ ಬರೆಯಲು ಆ ನಂಬರೇ ಆಧಾರ.

ಮಾಮನ ಮನೆಯಲ್ಲಿ ಕಪಾಟು ಸರಿಸಲು ಆಗಲಿಲ್ಲ. ಸರಿಸಿದರೆ ಮಂಚಕ್ಕೆ ಜಾಗವಿಲ್ಲ. ಎಂಟೂ ಎಳೆಯ ಹದಿನೈದು ಮೀಟರ್ ಲ್ಯಾನ್ ತಂತಿ ತಂದು, ಬಾಗಿಲ ಚೌಕಟ್ಟಿನ ಮೇಲಿಂದ ಎಳೆದು, ಸಣ್ಣ ಮೊಳೆಯ ಕ್ಲಿಪ್ ಹೊಡೆದು ಕಂಪ್ಯೂಟರಿಗೆ ಸಿಕ್ಕಿಸಿದೆವು. ಪಿಂಗ್ 1ಕ್ಕೆ ನಿಂತಿತು. ಮುಂದಿನ ತಿಂಗಳು ಮಾಮ ಪ್ಲಾನನ್ನು ಮತ್ತೆ ನೂರಕ್ಕೆ ಇಳಿಸಿದರು. ತತ್ಕಾಲ್ ಸಿಗುತ್ತದೆಂಬ ಖಾತ್ರಿ ಯಾವ ತಂತಿಯೂ ಕೊಡದು. ಪೇಪರ್ ಮಾತ್ರ ಒತ್ತಿದೊಡನೆ ತೆರೆಯುತ್ತದೆ. ನಿಮ್ಮ ಮನೆಯಲ್ಲೂ ಚಕ್ರ ತಿರುಗತೊಡಗಿದರೆ ಮೊದಲು ರೂಟರಿಗೆ ಪಿಂಗ್ ಮಾಡಿ, ಆಮೇಲೆ ಹೊರಗಿನ ಲೈನು, ಆಮೇಲೆ ಯಂತ್ರ, ಕೊನೆಗೆ ಬ್ರೌಸರ್ ನೋಡಿ. ದೊಡ್ಡ ಪ್ಲಾನಿಗೆ ದುಡ್ಡು ಕಟ್ಟುವ ಯೋಚನೆ ಇವೆಲ್ಲ ಮುಗಿದ ಮೇಲಿರಲಿ.